ಬದುವಿನ ಗರಿಕೆ

ಗೊರೂರಿನ ಐಬಿ ಮುಂದಿನ ಹುಲ್ಲುಹಾಸು
ಕಜ್ಜಿನಾಯಿಯ ಬೆನ್ನಿನ ಹಾಗಾಗಿತ್ತು.
ಯಾವ ಬೋಳು ಯಾರದ್ದು ಅಂತ ನನಗೆ ಗೊತ್ತು:
ಇಲ್ಲಿ ಜೀಪು ನಿಂತು ಆಯಿಲ್ ಸೋರಿದ್ದು,
ಇಲ್ಲಿ ಮಂತ್ರಿಗಳು ಬಂದಾಗ ಹೊಡೆದ ಶಾಮಿಯಾನದ ಗೂಟ,
ಅಲ್ಲಿ, ಹೊಂಗೆ ನೆರಳಲ್ಲಿ, ಬಾಡೂಟದ ಒಲೆ.
ಮೂರು ಮಳೆಗಾಲ ಹೋದರೂ ಮೂರು ಕಲ್ಲಿನ ಗುರುತು ಹೋಗಿಲ್ಲ.
ಉಳಿದದ್ದೆಲ್ಲ ತುಂಗೆ.
ಎಳೆದರೆ ಎಲೆ ಬರುತ್ತೆ,
ಗೆಡ್ಡೆ ಒಳಗೇ ಕೂತು ನಗುತ್ತೆ.

ಹೊಸ ಇಂಜಿನಿಯರ್ ಸಾಹೇಬರು ಫೋನಿನಲ್ಲಿ ಚಿತ್ರ ತೋರಿಸಿದರು:
ಚಾಪೆ ಥರ ಸುತ್ತಿಟ್ಟ ಹುಲ್ಲು, ಅಡಿಗೆ ಇಷ್ಟು ಅಂತ.
ಎಸ್ಟಿಮೇಟು ಹಾಸನಕ್ಕೆ ಹೋಯ್ತು,
ಹಾಸನದಿಂದ ಇನ್ನೆಲ್ಲಿಗೋ ಹೋಯ್ತು,
ವಾಪಸ್ಸು ಬಂದಾಗ ಕೆಂಪು ಶಾಯಿಯಲ್ಲಿ
ಒಂದೇ ಪದ ಇತ್ತಂತೆ.
ನಾನು ಓದಿದವಳಲ್ಲ, ಅವರ ಮುಖ ಓದಿದೆ.
“ಒಂದು ಟ್ರ್ಯಾಕ್ಟರ್ ಕೊಡಿಸಿ ಸ್ವಾಮಿ,
ಹುಲ್ಲು ನಾನು ತರ್ತೀನಿ” ಅಂದೆ.

ಮೊದಲು ಹಾರೆ. ಗೇಣಿಗೊಂದು ತೂತು.
ಅದೇನು ನೆಲವೇ, ರಸ್ತೆ.
ಹಾರೆ ಠಣ್ ಅನ್ನೋದು, ಕೈ ಜುಮ್ ಅನ್ನೋದು.
ಮೂರನೇ ದಿನ ಒಂದು ಎರೆಹುಳ ಸಿಕ್ಕಿತು,
ಬಿಳಿಚಿಕೊಂಡು, ಸಂಬಳ ಬಾರದ ವಾಚ್‌ಮನ್ ಹಾಗೆ.
ಅದನ್ನ ಗೊಬ್ಬರದ ಬುಟ್ಟಿಗೆ ಬಿಟ್ಟೆ.
ಮರಳು, ಬೇವಿನ ಹಿಂಡಿ, ಹಳೇ ಸಗಣಿ ಪುಡಿ
ತೂತಿಗೆ ತುಂಬಿ, ಮೇಲೆ ಪೊರಕೆ ಆಡಿಸಿ,
ನೆತ್ತಿಗೆ ಎಣ್ಣೆ ಇಟ್ಟ ಹಾಗೆ ನೀರು ಇಟ್ಟೆ.

ಏಪ್ರಿಲ್ ಕೊನೆ. ಹೇಮಾವತಿ ಹಿನ್ನೀರು ಇಳಿದು
ಹೊನ್ನೇಗದ್ದೆ ಮಲಗಿದ್ದಲ್ಲೇ ಕಣ್ಣು ಬಿಟ್ಟಿತ್ತು.
ಅದು ಮುಳುಗಿದಾಗ ನನಗೆ ಏಳು ವರ್ಷ.
ಬೀಸೋ ಕಲ್ಲಿನ ಕೆಳಗಿನ ಬಿಲ್ಲೆ ಇನ್ನೂ ಅಲ್ಲೇ ಇದೆ,
ಮೇಲಿನದು ನಮ್ಮ ಜೊತೆ ಗಾಡಿ ಹತ್ತಿತ್ತು.
ಮನೆ ಎಲ್ಲಿತ್ತು ಅಂತ ನೋಡಲಿಲ್ಲ.
ಬದು ಹುಡುಕಿದೆ.

ಅಪ್ಪನಿಗೂ ಚಿಕ್ಕಪ್ಪ ದ್ಯಾವಯ್ಯನಿಗೂ ನಡುವೆ
ಒಂದಡಿ ಬದು.
ಅದಕ್ಕೆ ಅಮೀನ ಬಂದ, ಸರಪಳಿ ಬಂತು,
ಹೊಳೆನರಸೀಪುರದ ವಕೀಲರು ಎರಡು ಹೋರಿ ನುಂಗಿದರು.
ತೀರ್ಪಿಗೆ ಮೊದಲೇ ನೀರು ಬಂತು.
ಪರಿಹಾರದ ಲೆಕ್ಕದಲ್ಲೂ ಆ ಒಂದಡಿ
ಯಾರ ಹೆಸರಿಗೂ ಏರಲಿಲ್ಲ.
ಅಪ್ಪ ಸತ್ತಾಗ ಚಿಕ್ಕಪ್ಪ ಬರಲಿಲ್ಲ.
ಚಿಕ್ಕಪ್ಪ ಸತ್ತಿದ್ದು ನಮಗೆ ಯಾರೂ ಹೇಳಲಿಲ್ಲ.

ಗರಿಕೆ ಇತ್ತು.
ವರ್ಷದಲ್ಲಿ ಅಷ್ಟು ದಿನ ಕೆಸರು ಕುಡಿದು
ಇಷ್ಟು ದಿನ ಬಿಸಿಲು ಕುಡಿದು
ಗಣ್ಣು ಗಣ್ಣಿಗೆ ಬೇರು ಬಿಟ್ಟು
ಆ ಕಡೆಯದು ಈ ಕಡೆಗೆ ಹಬ್ಬಿ, ಈ ಕಡೆಯದು ಆ ಕಡೆಗೆ.
ಯಾವುದು ನಮ್ಮದು ಅಂತ ಆರಿಸೋಕೆ ಆಗಲಿಲ್ಲ,
ಹೆಂಟೆ ಹೆಂಟೆಯಾಗಿ ಎಬ್ಬಿಸಿ
ಒದ್ದೆ ಗೋಣಿ ಹೊದಿಸಿ ಎಲ್ಲಾ ತಂದೆ.

ತುಂಡಿಗೆ ಎರಡು ಗಣ್ಣು:
ಒಂದು ಮಣ್ಣಿಗೆ, ಒಂದು ಗಾಳಿಗೆ.
ಟಾರು ಡ್ರಮ್ಮಿಗೆ ನೀರು ತುಂಬಿ ಉರುಳಿಸಿದೆ.
ಹತ್ತು ದಿನ ಏನೂ ಇಲ್ಲ.
ಸಾಹೇಬರು ವರಾಂಡದಲ್ಲಿ ನಿಂತು ಕೆಮ್ಮೋರು.
ಹನ್ನೊಂದನೇ ಬೆಳಿಗ್ಗೆ, ನಿಂತು ನೋಡಿದರೆ ಕಾಣದ್ದು
ಕೆನ್ನೆ ನೆಲಕ್ಕಿಟ್ಟು ನೋಡಿದರೆ ಕಂಡಿತು:
ಹಸಿರು ಹಬೆ.

ಜುಲೈಯಲ್ಲಿ ಸಾಹೇಬರು ಬೂಟು ಬಿಚ್ಚಿ ನಡೆದರು.
“ಯಾವ ತಳಿ ಚೆಲುವಾಜಮ್ಮ?”
“ನಮ್ಮೂರದು ಸ್ವಾಮಿ.”
ರಿಜಿಸ್ಟರಿನಲ್ಲಿ ಬರೆದು ಓದಿ ಹೇಳಿದರು:
ತಳಿ, ಸ್ಥಳೀಯ. ಬೆಲೆ, ಇಲ್ಲ.

ಮೊನ್ನೆ ದ್ಯಾವಯ್ಯನ ಮಗ ಅರ್ಜಿ ಹಿಡಿದು ಬಂದ,
ಕಾಲುವೆ ನೀರಿನ ತಕರಾರು.
ನನ್ನ ನೋಡಿ ಮುಖ ಅತ್ತ ತಿರುಗಿಸಿದ.
ಹುಲ್ಲಿನ ಅಂಚಿನಲ್ಲಿ ಚಪ್ಪಲಿ ಬಿಟ್ಟು
ಬೋರ್ಡು ನೋಡುತ್ತಾ ನಿಂತ.
‘ತುಳಿಯಬಾರದು’ ಅಂತ ಅದರಲ್ಲಿದೆ,
ನಾನೇ ನೆಟ್ಟದ್ದು.

“ತುಳಿಯೋ,” ಅಂದೆ,
“ಅರ್ಧ ನಿಂದೇ.”